ವೀರಗಲ್ಲನ್ನು ಕೆಳಗಿನಿಂದ ಓದಬೇಕು



ಇಲ್ಲಿನವರು ಇಂಟರ್‌ಮೀಡಿಯೆಟ್ ಎನ್ನುವ, ಊರಿನಲ್ಲಿ ನಾವು ಮಿಡ್ಲ್‌ಸ್ಕೂಲು ಎನ್ನುತ್ತಿದ್ದ ತರಗತಿಗಳ ಮಕ್ಕಳಿಗೆ ವೀರಗಾಥೆಗಳನ್ನು ಹೇಗೆ ಕಲಿಸಬೇಕೆಂಬುದು ಇಂದಿನ ವಿಷಯ. ಹನ್ನೊಂದರಿಂದ ಹದಿಮೂರರ ಈ ಮಕ್ಕಳು ನಮ್ಮ ಬಳಿಗೆ ಬರಿಗೈಯಲ್ಲಿ ಬರುವುದಿಲ್ಲ. ಆರ್ಥರ್ ದೊರೆಯನ್ನೂ ಅವನ ದುಂಡುಮೇಜಿನ ನೈಟ್‌ಗಳನ್ನೂ ಬಲ್ಲರು. ಉತ್ತರ ದ್ವೀಪವನ್ನೇ ಮೀನಿನಂತೆ ಕಡಲಿನಿಂದ ಮೇಲೆಳೆದ ಮಾವೋರಿ ವೀರ ಮಾಉಯಿಯನ್ನೂ ಬಲ್ಲರು. ಆ ಮಾಉಯಿಯ ಕಥೆ ಗೆಲುವಿನಲ್ಲಿ ಮುಗಿಯುವುದಿಲ್ಲ. ಮೃತ್ಯುದೇವತೆಯನ್ನೇ ಜಯಿಸಹೊರಟಾಗ ಪುಟ್ಟ ಹಕ್ಕಿಯೊಂದು ನಕ್ಕುಬಿಟ್ಟಿತು. ದೇವತೆ ಎಚ್ಚೆತ್ತಳು, ಮಾಉಯಿ ಅಳಿದನು. ಮಕ್ಕಳು ಇದನ್ನು ಕೇಳಿ ಅರಗಿಸಿಕೊಳ್ಳಬಲ್ಲರು.

"ನಮ್ಮಲ್ಲಿ ನೈಟ್‌ಗಳಿದ್ದರೇ?" ಎಂದು ಇವರು ಕೇಳುತ್ತಾರೆ. ಬಿರುದನ್ನೇ ಕೇಳುವುದಾದರೆ ಉತ್ತರ ಸುಲಭ. 1915ರಲ್ಲಿ ವಿಶ್ವೇಶ್ವರಯ್ಯನವರು 'ಸರ್' ಆದರು. 1953ರಲ್ಲಿ ಜೇನುಸಾಕಣೆಯ ಎಡ್ಮಂಡ್ ಹಿಲರಿ ಆದರು. ಈ ದೇಶ ಆ ಬಿರುದನ್ನು 2000ದಲ್ಲಿ ನಿಲ್ಲಿಸಿ 2009ರಲ್ಲಿ ಮತ್ತೆ ತಂದಿತು. ಆದರೆ ಮಕ್ಕಳು ಕೇಳುತ್ತಿರುವುದು ಕತ್ತಿ ಹಿಡಿದವನನ್ನು ಕುರಿತು. ಅವನನ್ನು ತೋರಿಸಲು ನಮ್ಮಲ್ಲಿ ವೀರಗಲ್ಲುಗಳಿವೆ.

ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಕೆಳಗಿನಿಂದ ಓದಬೇಕಾದ ಚಿತ್ರಕಥೆ ಎಂದೊಡನೆ ಮಕ್ಕಳ ಕಣ್ಣು ಅರಳುತ್ತದೆ. ಆದರೆ ನಾವು ಕೆಳಗಿನ ಪಟ್ಟಿಕೆಯಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು. ಈತ ಏತಕ್ಕಾಗಿ ಹೋರಾಡಿದ? ಶಾಸನಗಳು ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎನ್ನುತ್ತವೆ. ಹಿಡಿದೊಯ್ದ ದನಗಳನ್ನು ಮರಳಿಸಲು, ಹೆಂಗಸರ ಮಾನ ಕಾಯಲು, ಊರು ಹಾಳಾಗುವುದನ್ನು ತಡೆಯಲು ಸತ್ತವರು ಇವರು. ಅನೇಕರು ಸಾಮಾನ್ಯ ಜನ. ಹಾಲು ಬೆಣ್ಣೆಗಳ ಈ ನಾಡಿನ ಮಕ್ಕಳಿಗೆ ದನದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮೊದಲ ಪಾಠಕ್ಕೆ ನಮ್ಮ ಆಯ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅಲ್ಲಿ ಪರಾಕ್ರಮ ತೋರಿದ ಬೂತುಗನ ಆಳು ಮಣಲೆರನಿಗೆ, ಬೇಕಾದುದನ್ನು ಬೇಡು ಎಂಬ ಮಾತು ದೊರೆಯಿತು. ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿ ದೊಡ್ಡ ಹಂದಿಯೊಂದರೊಡನೆ ಸೆಣಸಿತು, ಎರಡೂ ಸತ್ತವು. ಮಣಲೆರ ಕಲ್ಲು ನೆಡಿಸಿ ಭೂಮಿ ಬಿಟ್ಟನು. ಪೂಜಿಸದೆ ಅರ್ಚಕನು ಉಣ್ಣಬಾರದೆಂದು ಕಟ್ಟಳೆ ಮಾಡಿದನು. ದೊರೆಗಳ ಯುದ್ಧ, ನಾಯಿಯ ನೆನಪು, ಎರಡೂ ಒಂದೇ ಕಲ್ಲಿನಲ್ಲಿವೆ. ಯಾವುದು ಹೆಚ್ಚೆಂಬ ವಾದವನ್ನು ಮಕ್ಕಳಿಗೇ ಬಿಡಬಹುದು.

ಕಷ್ಟವಿರುವುದು ಹಳೇಬೀಡಿನಲ್ಲಿ. ಒಡೆಯನೊಡನೆ ಪ್ರಾಣ ಬಿಡುವ ಪ್ರತಿಜ್ಞೆ ತೊಟ್ಟ ಅಂಗರಕ್ಷಕರಿಗೆ ಹೊಯ್ಸಳರಲ್ಲಿ ಗರುಡರೆಂದು ಹೆಸರು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮನು ಮಡದಿ ಹಾಗೂ ಸಂಗಡಿಗರೊಡನೆ ಪ್ರಾಣ ತ್ಯಜಿಸಿದನು; ಅದರ ಸ್ಮಾರಕ ಕಂಬ ಅಲ್ಲಿದೆ. ನೈಟ್‌ಗೆ ಹತ್ತಿರದ ಸಾಮ್ಯ ಈ ಗರುಡನೇ. ಸ್ವಾಮಿನಿಷ್ಠೆಯ ಪರಾಕಾಷ್ಠೆಯೆಂದು ಇದನ್ನು ಹೊಗಳುವ ರೂಢಿಯಿದೆ. ವೈದ್ಯರಾದ ನಾವು ಇದನ್ನು ಒಪ್ಪಲಾರೆವು. ಎಳೆಯರ ಆತ್ಮಹತ್ಯೆಯ ಪ್ರಮಾಣದಲ್ಲಿ ಈ ದೇಶ ಮುಂದುವರಿದ ರಾಷ್ಟ್ರಗಳ ನಡುವೆ ಮೇಲಿನ ಸಾಲಿನಲ್ಲಿ ನಿಂತಿದೆ. ತನ್ನ ಜೀವ ತೆಗೆದುಕೊಂಡವನಿಗೆ ಮೆಚ್ಚುಗೆ ದೊರೆಯಿತೆಂಬ ಮಾತನ್ನು ನೊಂದ ಹನ್ನೆರಡರ ಮಗು ಹೇಗೆ ಕೇಳಿಸಿಕೊಂಡೀತು?

ಹಾಗೆಂದು ಮುಚ್ಚಿಡುವುದೂ ಸಲ್ಲದು; ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳು ಆ ಕಂಬವನ್ನು ನೋಡುವವರೇ. ಆದ್ದರಿಂದ ಆ ಕಥೆ ಆತಕೂರಿನ ನಂತರ, ಹಿರಿಯರ ಸಮ್ಮುಖದಲ್ಲಿ, ಸಾವಿನ ವಿಧಾನದ ವರ್ಣನೆಯಿಲ್ಲದೆ ಬರಲಿ. ದನ ಮರಳಿಸಿದವನ ಸಾವಿನಿಂದ ಊರಿಗೆ ಏನು ದಕ್ಕಿತು, ಗರುಡನ ಸಾವಿನಿಂದ ಯಾರಿಗೆ ಏನು ದಕ್ಕಿತು, ಮಡದಿಗೆ ಬೇರೆ ದಾರಿಯಿತ್ತೇ ಎಂದು ಕೇಳೋಣ. ಮಗು ಸುಮ್ಮನಾದರೆ ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಮನೆಗೆ ಹೋಗುವ ಮುನ್ನ ಅದರೊಡನೆ ಮಾತನಾಡಬೇಕು.