ಟಾಂಗಾ ಕುದುರೆಯ ಹಲ್ಲು



ನಮ್ಮ ದಟ್ಟಗಳ್ಳಿಯಿಂದ ಅರಮನೆ ಕಡೆ ಹೋದರೆ ಟಾಂಗಾ ಕಾಣುತ್ತವಲ್ಲ, ಆ ಟಾಂಗಾದವರು ಕುದುರೆಯ ಹಲ್ಲು ನೋಡಿಯೇ ವಯಸ್ಸು ಹೇಳುತ್ತಾರೆ. ಹುಲ್ಲಿನಲ್ಲಿ ಸಿಲಿಕಾ ಇದೆ. ಮೇದಷ್ಟೂ ಹಲ್ಲು ಸವೆಯುತ್ತದೆ.

ಸುಮಾರು 5.5 ಕೋಟಿ ವರ್ಷಗಳ ಹಿಂದೆ ಕುದುರೆಯ ಪೂರ್ವಜ ನಾಯಿಯಷ್ಟೇ ಇತ್ತು. ಕಾಡಿನಲ್ಲಿ ಎಳೆ ಸೊಪ್ಪು ತಿನ್ನುತ್ತಿತ್ತು. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರು. ಕಾಡು ತೆಳುವಾಗಿ ಹುಲ್ಲುಗಾವಲು ಹರಡಿತು. ಉದ್ದ ಹಲ್ಲಿನವು ಬದುಕಿಕೊಂಡವು. ಬಯಲಲ್ಲಿ ಅಡಗಲು ಪೊದೆ ಎಲ್ಲಿ? ಓಡಲೇಬೇಕು. ತಲೆಮಾರುಗಳು ಉರುಳಿದಂತೆ ಕಾಲು ನೀಳವಾಯಿತು, ನಡುಬೆರಳೊಂದೇ ಉಳಿಯಿತು. ದಸರೆಯ ಪಟ್ಟದ ಕುದುರೆ ನಿಲ್ಲುವುದೂ ಆ ಬೆರಳಿನ ಉಗುರಿನ ಮೇಲೆಯೇ!

ಹಲ್ಲು ಪೂರ್ತಿ ಸವೆದ ಮುದಿ ಕುದುರೆ ಮುಂದೆ ಹುಲ್ಲಿದ್ದರೂ ಹಸಿದಿರುತ್ತದೆ. ಬಡಕಲು ಕುದುರೆ ಕಂಡಾಗ ಮಾಲೀಕರನ್ನು ಬಯ್ಯಬೇಡಿ. ಹಲ್ಲನ್ನು ಪಶುವೈದ್ಯರಿಗೆ ತೋರಿಸಲು, ನೆನೆಸಿದ ಮೆತ್ತನೆಯ ಮೇವು ಕೊಡಲು ಹೇಳಿ.