ಮನೆಗೆಲಸದ ಲೆಕ್ಕ, ವರದಕ್ಷಿಣೆಯ ಲೆಕ್ಕ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



‘ನೀವೇನು ಕೆಲಸ ಮಾಡ್ತೀರಿ?’ ಎಂದು ನಮ್ಮ ಭಾಗದ ಹೆಣ್ಣುಮಕ್ಕಳನ್ನು ಕೇಳಿದರೆ, ‘ಏನಿಲ್ರಿ, ಮನ್ಯಾಗ ಇರ್ತೀನ್ರಿ’ ಎನ್ನುತ್ತಾರೆ. ಹೀಗೆ ಹೇಳುವವಳು ನಸುಕಿನಲ್ಲಿ ಎದ್ದು ನೀರು ತಂದು, ರೊಟ್ಟಿ ಬಡಿದು, ಮಕ್ಕಳನ್ನು ಶಾಲೆಗೆ ಕಳಿಸಿ, ಹಾಸಿಗೆ ಹಿಡಿದ ಅತ್ತೆಗೆ ಉಣಿಸಿ, ಬುತ್ತಿ ಕಟ್ಟಿಕೊಂಡು ತೊಗರಿ ಹೊಲಕ್ಕೂ ಹೋಗಿ ಬಂದಿರುತ್ತಾಳೆ.

ಈ ‘ಏನಿಲ್ರಿ’ ಎಂಬ ಮಾತಿಗೂ ವರದಕ್ಷಿಣೆಗೂ ನೇರ ಸಂಬಂಧವಿದೆ. ಬಂಗಾರ, ರೊಕ್ಕ, ಮೋಟಾರ್ ಸೈಕಲ್ ಕೇಳುವವರು ಕೊಡುವ ಕಾರಣವೇನು? ‘ನಿಮ್ಮ ಮಗಳನ್ನು ಜೀವನಪೂರ್ತಿ ಸಾಕುವವರು ನಾವು.’ ಹೆಣ್ಣು ಕೂತು ತಿನ್ನುವವಳು, ಹೊರೆ ಎಂಬ ಸುಳ್ಳಿನ ಮೇಲೆ ವರದಕ್ಷಿಣೆ ನಿಂತಿದೆ. ನಿಜವಾಗಿ ಆ ಮನೆಯನ್ನು ಸಾಕುತ್ತಿರುವವರು ಯಾರು?

ನಮ್ಮ ಜಿಲ್ಲೆಯ ಸಂಘಗಳ ಮಹಿಳೆಯರು ಬಡಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿದೆ. ಮಾರಿದ ರೊಟ್ಟಿ ದೇಶದ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಅದೇ ಕೈ, ಅದೇ ಹಿಟ್ಟು, ಅದೇ ಹಂಚಿನಲ್ಲಿ ಮನೆಯವರಿಗೆ ಬಡಿದ ರೊಟ್ಟಿ ಮಾತ್ರ ಸೇರುವುದಿಲ್ಲ.

ಇದನ್ನು ಪ್ರಶ್ನಿಸಿದವರಲ್ಲಿ ನಾವೇ ಮೊದಲಿಗರಲ್ಲ. 1972ರಲ್ಲಿ ಇಟಲಿಯ ಪಡುವಾ ನಗರದಲ್ಲಿ ಸೆಲ್ಮಾ ಜೇಮ್ಸ್, ಮರಿಯರೋಸಾ ದಲ್ಲಾ ಕೋಸ್ತಾ ಮೊದಲಾದ ಮಹಿಳೆಯರು ಸೇರಿ ‘ಮನೆಗೆಲಸಕ್ಕೆ ಕೂಲಿ’ ಚಳವಳಿ ಆರಂಭಿಸಿದರು. ಅದು ಹಲವು ದೇಶಗಳಿಗೆ ಹಬ್ಬಿತು. 1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದ ನೂರಕ್ಕೆ ಸುಮಾರು 90 ಮಹಿಳೆಯರು ಮನೆಯ ಒಳಗೂ ಹೊರಗೂ ಕೆಲಸ ನಿಲ್ಲಿಸಿದರು. ತಂದೆಯರು ಮಕ್ಕಳನ್ನು ಕಚೇರಿಗೆ ಕರೆದೊಯ್ಯಬೇಕಾಯಿತು. ಮರುವರ್ಷ ಅಲ್ಲಿ ಸಮಾನತೆಯ ಕಾನೂನು ಬಂತು. 1995ರ ಬೀಜಿಂಗ್ ಮಹಿಳಾ ಸಮ್ಮೇಳನದಲ್ಲಿ, ಕೂಲಿಯಿಲ್ಲದ ಈ ದುಡಿಮೆಯನ್ನು ಅಳೆಯಬೇಕೆಂಬುದನ್ನು ಸರಕಾರಗಳು ಒಪ್ಪಿದವು.

ನಮ್ಮ ಸರಕಾರವೂ ಅಳೆದಿದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಗಂಡಸು 88 ನಿಮಿಷ. 289 ನಿಮಿಷವೆಂದರೆ ತಿಂಗಳಿಗೆ ಎಂಟು ತಾಸಿನ 18 ಕೂಲಿ ದಿನ! ಮಕ್ಕಳ, ಮುದುಕರ ಆರೈಕೆಯ ಲೆಕ್ಕ ಬೇರೆ. 2021ರಲ್ಲಿ ಸುಪ್ರೀಂ ಕೋರ್ಟ್, ಅಪಘಾತದಲ್ಲಿ ಸತ್ತ ಗೃಹಿಣಿಯ ಮನೆಗೆಲಸಕ್ಕೂ ಬೆಲೆ ಕಟ್ಟಿ ಪರಿಹಾರ ಕೊಡಬೇಕೆಂದು ಹೇಳಿತು. ಸತ್ತ ಮೇಲೆ ಕಟ್ಟುವ ಬೆಲೆಯನ್ನು ಬದುಕಿದ್ದಾಗಲೇ ಒಪ್ಪಬಾರದೇಕೆ?

‘ಹಾಗಾದರೆ ಗಂಡನ ಹತ್ತಿರ ಪಗಾರ ಕೇಳೋಣೇನ್ರಿ?’ ಎಂದು ನೀವು ನಗಬಹುದು. ಚಳವಳಿಯ ಮಹಿಳೆಯರಲ್ಲೂ ಈ ಬಗ್ಗೆ ಜಗಳವಿತ್ತು. ಕೂಲಿ ಕೊಟ್ಟರೆ ಹೆಣ್ಣು ಒಲೆಯ ಮುಂದೆಯೇ ಉಳಿದಾಳು ಎಂದವರಿದ್ದರು. ಪಗಾರಕ್ಕಿಂತ ಮೊದಲು ಬೇಕಾದದ್ದು ಪಾಲು ಎಂದು ನನ್ನ ಅಭಿಪ್ರಾಯ: ಕೆಲಸದಲ್ಲಿ ಗಂಡಸಿನ ಪಾಲು, ಆಸ್ತಿಯಲ್ಲಿ ಹೆಂಗಸಿನ ಪಾಲು. ನಲ್ಲಿಯ ನೀರು, ದಿನವಿಡೀ ನಡೆಯುವ ಶಿಶುಪಾಲನಾ ಕೇಂದ್ರ ಸರಕಾರದ ಪಾಲು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2000 ರೂಪಾಯಿ ನೆರವೇ ಹೊರತು ಈ ದುಡಿಮೆಯ ಬೆಲೆಯಲ್ಲ.

ಇನ್ನು ನಾವು ಮಾಡಬಹುದಾದದ್ದು ಮೂರು. ಒಂದು, ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದ ಮೇಲೆ ಒಬ್ಬ ಸದಸ್ಯೆಯ ಒಂದು ದಿನದ ಕೆಲಸವನ್ನು ತಾಸು ಸಮೇತ ಬರೆಯಿರಿ. ಅದನ್ನು ಗಂಡಸರಿಗೂ ಗಂಡುಮಕ್ಕಳಿಗೂ ಓದಿ ಹೇಳಿ. ಎರಡು, ಜನಗಣತಿಯವರು ಬಂದಾಗ ‘ಏನಿಲ್ಲ’ ಎನ್ನಬೇಡಿ. ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ದುಡಿದರೂ ಅದು ಕೆಲಸವೇ, ಹಾಗೆಂದೇ ಬರೆಸಿ. ಮೂರು, ಹೊಡೆತ ಬಡಿತದಂತೆ, ಮನೆಖರ್ಚಿಗೆ ಕೊಡದೆ ಸತಾಯಿಸುವುದೂ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹಿಂಸೆಯೇ. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ. ಅರ್ಜಿ ಕೊಡುವಾಗ ಆ ಮನೆಗಾಗಿ ಎಷ್ಟು ವರ್ಷ, ಏನೇನು ದುಡಿದಿರಿ ಎಂಬುದನ್ನೂ ಬರೆಸಿ. ಒಬ್ಬಳೇ ಹೋಗಬೇಡಿ, ಸಂಘದವರೆಲ್ಲ ಜೊತೆಗೆ ಹೋಗಿ.

ಮುಂದೆ ಯಾರಾದರೂ ಕನ್ಯೆ ನೋಡಲು ಬಂದು ‘ಏನು ಕೊಡ್ತೀರಿ?’ ಎಂದರೆ, ಸಂಘದ ಆ ಲೆಕ್ಕದ ಪುಸ್ತಕ ತೆರೆದು ಮುಂದಿಡಿ. ಯಾರು ಯಾರಿಗೆ ಬಾಕಿ ಎಂಬುದನ್ನು ಅವರೇ ಕೂಡಿಸಿ ನೋಡಲಿ.