ಬ್ಯಾಕ್ಟೀರಿಯಾ ಪಾಠಕ್ಕೆ ನೆನಪಿನ ಕೀಲಿಗಳು

(ಸಂಘದ ವತಿಯಿಂದ ಬೀದರಿನಲ್ಲಿ ನಡೆದ ವಿದ್ಯಾರ್ಥಿ-ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕನಿಗೆ ರೋಗಾಣುಗಳ ಪಾಠದಲ್ಲಿ ಏನು ಕೆಲಸ ಎಂದು ತಾವು ಕೇಳಬಹುದು. ರೋಗದ ವಿಚಾರ ವೈದ್ಯರದೇ. ಆದರೆ ಹೆಸರುಗಳನ್ನು ನೆನಪಿಡುವುದು ಭಾಷೆಯ ವಿಚಾರ. ಅಷ್ಟರ ಬಗ್ಗೆ ಮಾತ್ರ ನಾನು ಮಾತನಾಡುತ್ತೇನೆ.

ನಮ್ಮ ಜಿಲ್ಲೆಯಲ್ಲಿ 2007ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ‘ಬ್ರಿಮ್ಸ್’ ಆರಂಭವಾಯಿತು. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ, 2018ರಿಂದ ಉರ್ದುವಿನಲ್ಲಿ ಬರೆಯುವ ಅವಕಾಶವೂ ಸಿಕ್ಕಿತು. ಬಾಗಿಲು ತೆರೆದಿದೆ. ಆದರೆ ಒಳಗೆ ಹೋದ ಮೇಲೆ ಎಂಬಿಬಿಎಸ್ ಇರಲಿ, ನರ್ಸಿಂಗ್ ಇರಲಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಇರಲಿ, ದಪ್ಪ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದ ಹೆಸರುಗಳಂತೂ ಇಂಗ್ಲಿಷೂ ಅಲ್ಲ, ಗ್ರೀಕ್ ಮತ್ತು ಲ್ಯಾಟಿನ್. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿ ಆ ಪುಟ ನೋಡಿ, “ನನಗೆ ಬುದ್ಧಿ ಕಡಿಮೆ” ಎಂದು ತಿಳಿದುಬಿಡುತ್ತಾಳೆ. ಕಡಿಮೆ ಇರುವುದು ಬುದ್ಧಿಯಲ್ಲ, ಆ ಹೆಸರುಗಳ ಪರಿಚಯ.

ನೆನಪಿಡುವ ವಿದ್ಯೆ ನಮಗೆ ಹೊಸದಲ್ಲ. ಕನ್ನಡ ಛಂದಸ್ಸಿನ ಎಂಟು ಗಣಗಳನ್ನು ‘ಯಮಾತಾರಾಜಭಾನಸಲಗಂ’ ಎಂಬ ಒಂದೇ ಸೂತ್ರದಲ್ಲಿ ಕಟ್ಟಿಟ್ಟಿದ್ದಾರೆ. ಉರ್ದು, ಫಾರಸಿಯಲ್ಲಿ ಅಕ್ಷರಗಳಿಗೆ ಬೆಲೆ ಕೊಡುವ ‘ಅಬ್ಜದ್’ ಲೆಕ್ಕದಿಂದ ಒಂದು ಸಾಲಿನಲ್ಲೇ ಇಸವಿ ಅಡಗಿಸುತ್ತಿದ್ದರು. ಇದೇ ವಿದ್ಯೆಯನ್ನು ಬ್ಯಾಕ್ಟೀರಿಯಾ ಪಾಠಕ್ಕೂ ಹಚ್ಚಬಹುದು.

ಮೊದಲನೆಯ ಕೀಲಿ, ಹೆಸರಿನ ಅರ್ಥ. ‘ಸ್ಟೆಫಿಲೆ’ ಎಂದರೆ ಗ್ರೀಕಿನಲ್ಲಿ ದ್ರಾಕ್ಷಿ ಗೊಂಚಲು, ‘ಕೊಕ್ಕಸ್’ ಎಂದರೆ ಕಾಳು. ಸೂಕ್ಷ್ಮದರ್ಶಕದಲ್ಲಿ ಸ್ಟೆಫಿಲೋಕೊಕ್ಕಸ್ ಗೊಂಚಲಿನಂತೆಯೇ ಕಾಣುತ್ತದೆ. ‘ಸ್ಟ್ರೆಪ್ಟೋ’ ಎಂದರೆ ಹೆಣೆದದ್ದು, ತಿರುಚಿದ್ದು. ಸ್ಟ್ರೆಪ್ಟೋಕೊಕ್ಕಸ್ ಸಾಲಾಗಿ ಪೋಣಿಸಿದಂತಿರುತ್ತದೆ. ಒಂದು ಅಂಗೂರಿನ ಗೊಂಚಲು, ಇನ್ನೊಂದು ತಸ್ಬೀಹ್ ಮಣಿಗಳ ಸರ ಎಂದುಕೊಳ್ಳಿ, ಮರೆಯುವುದಿಲ್ಲ. ಕಾಲರಾದ ವಿಬ್ರಿಯೋ ಅಲ್ಪವಿರಾಮದ ಚಿಹ್ನೆಯಂತೆ ಬಾಗಿರುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾ, ತುದಿಯಲ್ಲಿ ಬೀಜಕ ಇರುವುದರಿಂದ, ನಗಾರಿ ಬಾರಿಸುವ ಗುಂಡುತಲೆಯ ಕೋಲಿನಂತೆ ಕಾಣುತ್ತದೆ. ‘ಧನುರ್ವಾಯು’ ಎಂಬ ಮಾತನ್ನೇ ನೋಡಿ: ರೋಗಿಯ ದೇಹ ಬಿಲ್ಲಿನಂತೆ ಬಾಗುತ್ತದೆ ಎಂಬ ಲಕ್ಷಣ ನಮ್ಮ ಹಿರಿಯರಿಟ್ಟ ಹೆಸರಿನಲ್ಲೇ ಇದೆ.

ಎರಡನೆಯದು ಎಚ್ಚರಿಕೆಯ ಮಾತು. ಇಂಗ್ಲಿಷ್ ಕೀಲಿ ಎಲ್ಲ ಬೀಗಕ್ಕೂ ಹೊಂದುವುದಿಲ್ಲ. 1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕುವ ವಿಧಾನವನ್ನು ಪ್ರಕಟಿಸಿದರು. ‘ಪಾಸಿಟಿವ್ ಎಂದರೆ ಪರ್ಪಲ್’ ಎಂದು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕನ್ನಡದಲ್ಲಿ ಯೋಚಿಸುವ ಹುಡುಗನಿಗೆ ಆ ಬಣ್ಣ ‘ನೇರಳೆ’. ಮೊದಲ ಅಕ್ಷರ ನೋಡಿ ನೇರಳೆಯನ್ನು ‘ನೆಗೆಟಿವ್’ಗೆ ಜೋಡಿಸಿದರೆ ಉತ್ತರ ತಲೆಕೆಳಗು! ಪರೀಕ್ಷೆಯಲ್ಲಿ ಒಂದು ಅಂಕ ಹೋದೀತು. ಆದರೆ ನಾಳೆ ಲ್ಯಾಬಿನಲ್ಲಿ ವರದಿ ತಪ್ಪಾದರೆ ರೋಗಿಗೆ ಕೊಡುವ ಔಷಧಿಯೇ ತಪ್ಪಬಹುದು.

ಹಾಗಾದರೆ ಕನ್ನಡದ ಕೀಲಿ ಯಾವುದು? ಕ್ರಮ ಹೀಗಿದೆ: ಮೊದಲು ನೇರಳೆ ಬಣ್ಣ, ನಂತರ ಅಯೋಡಿನ್, ಆಮೇಲೆ ಆಲ್ಕೋಹಾಲಿನಿಂದ ತೊಳೆಯುವುದು, ಕೊನೆಗೆ ಸಾಫ್ರನಿನ್ ಎಂಬ ಕೆಂಪು ಬಣ್ಣ. ಆಲ್ಕೋಹಾಲೇ ಇಲ್ಲಿಯ ಪರೀಕ್ಷೆ. ದಪ್ಪ ಗೋಡೆಯ ಬ್ಯಾಕ್ಟೀರಿಯಾ ತೊಳೆದರೂ ನೇರಳೆಯನ್ನು ಬಿಡುವುದಿಲ್ಲ. ಅದು ಪಾಸ್, ಅಂದರೆ ಪಾಸಿಟಿವ್. ತೆಳು ಗೋಡೆಯದು ಬಣ್ಣ ಬಿಟ್ಟುಕೊಟ್ಟು ಕೊನೆಯ ಕೆಂಪನ್ನು ಹೀರಿ ಗುಲಾಬಿಯಾಗುತ್ತದೆ, ಅದು ನೆಗೆಟಿವ್. ‘ತೊಳೆದರೂ ನಿಂತದ್ದು ಪಾಸ್’ ಎಂದು ನೆನಪಿಟ್ಟರೆ ಕಾರಣವೂ ಜೊತೆಗೇ ಬರುತ್ತದೆ.

ಮೂರನೆಯ ಕೀಲಿ ನಮ್ಮ ಊರಿನದೇ ಎನ್ನುವಷ್ಟು ಹತ್ತಿರದ್ದು. ಬಸವಣ್ಣನವರ ಈ ನಾಡಿನಲ್ಲಿ ‘ಬಸು’ ಎಂಬ ಹೆಸರಿನ ಗೆಳೆಯನಿಲ್ಲದ ತರಗತಿ ಉಂಟೇ? ವಿಷಮಶೀತ ಜ್ವರಕ್ಕೆ, ಅಂದರೆ ಟೈಫಾಯಿಡ್‌ಗೆ, ಯಾವ ವಾರ ಯಾವ ಪರೀಕ್ಷೆ ಎಂಬುದನ್ನು ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಇದೇ ಹೆಸರಿನಿಂದ ನೆನಪಿಡುತ್ತಾರೆ. ಬ್, ಅ, ಸ್, ಉ: ಮೊದಲ ವಾರ ಬ್ಲಡ್, ಎರಡನೆಯ ವಾರ ಆ್ಯಂಟಿಬಾಡಿ, ಮೂರನೆಯ ವಾರ ಸ್ಟೂಲ್, ನಾಲ್ಕನೆಯ ವಾರ ಯೂರಿನ್. ರೋಗಾಣು ಕರುಳಿನಿಂದ ಮೊದಲು ರಕ್ತ ಸೇರುತ್ತದೆ; ಆಗ ರಕ್ತದ ಕಲ್ಚರ್. ದೇಹ ಪ್ರತಿಕಾಯಗಳನ್ನು ತಯಾರಿಸಲು ದಿನಗಳು ಬೇಕು. ಆದ್ದರಿಂದ ವಿಡಾಲ್ ಪರೀಕ್ಷೆ ನಂತರ. ಪಿತ್ತಕೋಶದ ಮೂಲಕ ರೋಗಾಣು ಮತ್ತೆ ಕರುಳಿಗೆ ಇಳಿದಾಗ ಮಲದಲ್ಲಿ, ಕೆಲವರಲ್ಲಿ ಮೂತ್ರದಲ್ಲಿ ಸಿಗುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಇದನ್ನು ‘ಮಿಯಾದಿ ಬುಖಾರ್’, ಅವಧಿಯ ಜ್ವರ, ಎನ್ನುತ್ತಾರೆ. ವಾರಗಳ ಲೆಕ್ಕ ಆ ಹೆಸರಿನಲ್ಲೂ ಇದೆ.

ಆದರೆ ಬಸು ದಾರಿ ತೋರಿಸುವವನೇ ಹೊರತು ವೈದ್ಯನಲ್ಲ. ರೋಗಿ ಮೊದಲೇ ಆ್ಯಂಟಿಬಯೋಟಿಕ್ ನುಂಗಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯದಿರಬಹುದು. ವಿಡಾಲ್ ಒಂದನ್ನೇ ನಂಬುವಂತೆಯೂ ಇಲ್ಲ. ಹಾಗೆಯೇ ಸಾಲ್ಮೊನೆಲ್ಲಾ ಎಂಬ ಹೆಸರಿಗೂ ಸಾಲ್ಮನ್ ಮೀನಿಗೂ ಸಂಬಂಧವಿಲ್ಲ. ಅದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು. ಅರ್ಥ ವಿಚಾರಿಸದೆ ಕಟ್ಟಿದ ಸೂತ್ರ ದಾರಿ ತಪ್ಪಿಸುತ್ತದೆ.

ಕೊನೆಯದಾಗಿ, ಕಲಿತದ್ದನ್ನು ಉಳಿಸಿಕೊಳ್ಳುವ ಬಗೆ. ಹಿಫ್ಜ್ ಮಾಡುವ ಮಕ್ಕಳನ್ನು ನೋಡಿ. ದಿನವೂ ಹೊಸ ‘ಸಬಖ್’, ಅದರ ಜೊತೆಗೆ ಇತ್ತೀಚಿನ ಪಾಠ, ಅದರ ಮೇಲೆ ಹಳೆಯ ಪಾಠದ ‘ಆಮೋಖ್ತಾ’. ಉಸ್ತಾದರ ಮುಂದೆ ನೋಡದೆ ಒಪ್ಪಿಸಬೇಕು. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹಾಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ, ಕಲಿತದ್ದು ಮೊದಲ ಗಂಟೆ, ದಿನಗಳಲ್ಲೇ ಬೇಗ ಮರೆಯುತ್ತದೆ, ಬಿಡುವು ಕೊಟ್ಟು ಮರುಕಳಿಸಿದರೆ ಉಳಿಯುತ್ತದೆ ಎಂದು ತೋರಿಸಿದರು. ನಮ್ಮ ಮದರಸಾಗಳು ಅದನ್ನು ನಿತ್ಯದ ಪದ್ಧತಿಯಾಗಿಸಿಕೊಂಡಿವೆ. ಹಾಫಿಜರು ಎಡವುವುದು ಒಂದನ್ನೊಂದು ಹೋಲುವ ಆಯತ್‌ಗಳಲ್ಲಿ. ಅವನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸ ಗುರುತಿಸಿ ಕಲಿಯುತ್ತಾರೆ. ಸ್ಟೆಫಿಲೋ, ಸ್ಟ್ರೆಪ್ಟೋಗಳನ್ನೂ ಹಾಗೆಯೇ ಒಟ್ಟಿಗೆ ಬರೆದು ಕಲಿಯಿರಿ: ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಮೊದಲನೆಯದು ಗುಳ್ಳೆ ಬಿಡುತ್ತದೆ, ಎರಡನೆಯದು ಬಿಡುವುದಿಲ್ಲ.

ಪಾಲಕರಲ್ಲಿ ಒಂದು ವಿನಂತಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ರಾತ್ರಿ ಊಟದ ನಂತರ ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, “ಇವತ್ತು ಕಲಿತದ್ದನ್ನು ನನಗೆ ನಮ್ಮ ಮಾತಿನಲ್ಲಿ ಹೇಳಮ್ಮ” ಎನ್ನಿರಿ. ಉರ್ದುವಿನಲ್ಲಿ, ಕನ್ನಡದಲ್ಲಿ, ಔರಾದ ಕಡೆಯವರಾದರೆ ಮರಾಠಿಯಲ್ಲಿ ಹೇಳಲಿ. ತಾಯಿಗೆ ತಿಳಿಯುವಂತೆ ಹೇಳಿದ ಪಾಠ ಪರೀಕ್ಷೆಯ ಕೋಣೆಯಲ್ಲಿ ಕೈಬಿಡುವುದಿಲ್ಲ. 1472ರಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ ಊರಿನ ಮಕ್ಕಳು ಹೆಸರುಗಳಿಗೆ ಹೆದರಿ ಓದು ಬಿಡಬಾರದು.